ಬಿ ಫಾರಂ ಇಲ್ಲದ ಊರಲ್ಲಿ ಅಭ್ಯರ್ಥಿ ಬದಲಾಯಿಸೋದು

ಶ್ರೀಕಂಠ ಮಾವ, ನಮಸ್ಕಾರ. ಬೆಳಿಗ್ಗೆ ನೀವು ಗ್ರೂಪಿಗೆ ಹಾಕಿದ ಫಾರ್ವರ್ಡ್ ನೋಡಿದೆ. ಅಮೆರಿಕದಲ್ಲಿ ಪಾರ್ಟಿ ಮನಸ್ಸು ಮಾಡಿದರೆ ಚುನಾವಣೆಗೆ ಒಂದೇ ತಿಂಗಳಿದ್ದಾಗಲೂ ಅಧ್ಯಕ್ಷ ಅಭ್ಯರ್ಥಿನ ಬದಲಾಯಿಸಬಹುದು, 2024ರಲ್ಲಿ ಡೆಮಾಕ್ರಟಿಕ್ ಪಕ್ಷ ಆಗಿನ ಅಧ್ಯಕ್ಷ ಬೈಡನ್‌ನ ಎಬ್ಬಿಸಿ ಉಪಾಧ್ಯಕ್ಷೆ ಹ್ಯಾರಿಸ್‌ನ ಕೂರಿಸಿದ್ದೂ ಹಾಗೇನೇ ಅಂತಿದೆ ಅದರಲ್ಲಿ. ಕೆಳಗೆ ನೀವು, "ಅಂದ್ರೆ ನಮ್ಮಲ್ಲಿ ಕೊನೇ ಗಳಿಗೇಲಿ ಬಿ ಫಾರಂ ಬದಲಾಗೋ ಹಾಗೇನಾ?" ಅಂತ ಕೇಳಿದ್ರಿ. ಸರಳತ್ತೆ ಬೇರೆ, "ಅಷ್ಟೊತ್ತಿಗೆ ಪೋಸ್ಟಲ್ಲಿ ವೋಟ್ ಕಳಿಸಿಬಿಟ್ಟಿದ್ರೆ ಅದರ ಗತಿ ಏನು?" ಅಂದಿದ್ದಾರೆ. ಟೈಪ್ ಮಾಡ್ತಾ ಕೂತ್ರೆ ಮುಗಿಯಲ್ಲ, ಅದಕ್ಕೇ ಮಾತಲ್ಲೇ ಹೇಳ್ತೀನಿ. ಉದ್ದ ಆಗುತ್ತೆ, ಕಾಫಿ ಇಟ್ಕೊಂಡು ಕೇಳಿ.

ಬಿ ಫಾರಂ ಹಾಗಲ್ಲ ಮಾವ. ನಮ್ಮಲ್ಲಿ ಪಕ್ಷದವರು ಸಹಿ ಹಾಕಿದ ಕಾಗದ ನಾಮಪತ್ರದ ಕೊನೇ ದಿನ ಮಧ್ಯಾಹ್ನ 3 ಗಂಟೆ ಒಳಗೆ ಚುನಾವಣಾಧಿಕಾರಿ ಕೈಗೆ ಸೇರಿದರೆ ಕೆಲಸ ಆಯ್ತು. ಅದೇ ಫಾರಂನಲ್ಲಿ ಬದಲಿ ಅಭ್ಯರ್ಥಿ ಹೆಸರಿಗೂ ಜಾಗ ಇರುತ್ತೆ, ಆದರೆ ಆತನೂ ನಾಮಪತ್ರ ಹಾಕಿರಬೇಕು. ಅಲ್ಲಿ ಹೀಗೆ ಒಂದೇ ಸಹೀಲಿ ಮುಗಿಸೋ ಹೈಕಮಾಂಡೇ ಇಲ್ಲ. ಪಾರ್ಟಿಯ ನಿಯಮ ಒಂದು, 50 ರಾಜ್ಯ ಮತ್ತೆ ವಾಷಿಂಗ್ಟನ್ ಡಿ.ಸಿ. ಸೇರಿ 51 ಕಡೆ 51 ಥರದ ಕಾನೂನು, ದುಡ್ಡಿನ ಕಾನೂನು ಇನ್ನೊಂದು, ಅಚ್ಚುಕೂಟದ ತಾರೀಕು ಮತ್ತೊಂದು. ಹಾಗಾಗಿ ಬದಲಾಯಿಸಬಹುದಾ ಅನ್ನೋದಕ್ಕಿಂತ ಯಾವ ತಾರೀಕಲ್ಲಿ ಬದಲಾಯಿಸ್ತಾರೆ ಅಂತ ಕೇಳಬೇಕು. ತಾರೀಕು ಹೇಳಿದರೆ ಉತ್ತರ ಹೇಳಬಹುದು.

2024ರದ್ದೇ ತಗೊಳ್ಳಿ. ಬೈಡನ್ ಹಿಂದೆ ಸರಿದಿದ್ದು ಜುಲೈ 21, ಭಾನುವಾರ. ಮತದಾನ ನವೆಂಬರ್ 5ಕ್ಕೆ, ಅಂದ್ರೆ 107 ದಿನ ಇತ್ತು. ಪ್ರೈಮರಿ, ಅಂದ್ರೆ ಪಕ್ಷದೊಳಗೆ ಅಭ್ಯರ್ಥಿ ಆರಿಸೋ ಚುನಾವಣೆಗಳಲ್ಲಿ ಗೆದ್ದು, ಪಕ್ಷದ ಸಮಾವೇಶದಲ್ಲಿ ವೋಟ್ ಹಾಕೋ ಸುಮಾರು 3,900 ಡೆಲಿಗೇಟ್‌ಗಳು ಬೈಡನ್ ಕಡೆ ಇದ್ದರು. ಆದರೆ ಪಾರ್ಟಿ ಸಮಾವೇಶದ ವೋಟು ಇನ್ನೂ ನಡೆದಿರಲಿಲ್ಲ. ನಿಶ್ಚಿತಾರ್ಥ ಆಗಿತ್ತು, ಧಾರೆ ಆಗಿರಲಿಲ್ಲ ಅಂದ್ಕೊಳ್ಳಿ. ಕಾನೂನಿನ ಕಣ್ಣಲ್ಲಿ ಬೈಡನ್ ಇನ್ನೂ ಪಕ್ಷದ ಅಧಿಕೃತ ಅಭ್ಯರ್ಥಿಯೇ ಆಗಿರಲಿಲ್ಲ, ಆದ್ದರಿಂದ ಅಲ್ಲಿ ಯಾರನ್ನೂ 'ಬದಲಾಯಿಸಿಲ್ಲ'. ಫಾರ್ವರ್ಡ್ ಬರೆದವರು ಎಡವಿದ್ದು ಇಲ್ಲೇ.

ಈ ಡೆಲಿಗೇಟ್‌ಗಳು ಯಾರು ಅಂದ್ರೆ ಊರೂರಿನ ಪಕ್ಷದ ಕಾರ್ಯಕರ್ತರು, ಸಂಘದವರು, ಮೇಷ್ಟ್ರುಗಳು, ಇಂಥವರು. ಡೆಮಾಕ್ರಟಿಕ್ ಪಕ್ಷದ ನಿಯಮ ಅವರನ್ನ ಕಟ್ಟಿಹಾಕೋದು 'ಆರಿಸಿ ಕಳಿಸಿದವರ ಅಭಿಪ್ರಾಯಕ್ಕೆ ಆತ್ಮಸಾಕ್ಷಿಯಿಂದ ನಡೆದುಕೊಳ್ಳಬೇಕು' ಅನ್ನೋ ಒಂದೇ ಮಾತಲ್ಲಿ. ಬೈಡನ್ ತಾನೇ ಬಿಟ್ಟ ಮೇಲೆ ಆ ಗಂಟೂ ಬಿಚ್ಚಿಕೊಳ್ತು. ಅವರ ವೋಟು ಹ್ಯಾರಿಸ್‌ಗೆ ತಂತಾನೇ ಹೋಗಲಿಲ್ಲ, ಅದನ್ನ ಗಮನಿಸಿ. ಬೈಡನ್ ಬೆಂಬಲ ಹೇಳಿದ್ದು ಬರೀ ಸಲಹೆ. ಮಾರನೇ ದಿನ ರಾತ್ರಿ ಹೊತ್ತಿಗೆ ಬೇಕಾದ ಬಹುಮತಕ್ಕಿಂತ ಹೆಚ್ಚು ಡೆಲಿಗೇಟ್‌ಗಳು ಹ್ಯಾರಿಸ್ ಕಡೆ ಅಂತ ಬಾಯಿಬಿಟ್ಟು ಹೇಳಿದ್ದರು. ಆದರೂ ಪಕ್ಷ ಶಾಸ್ತ್ರ ಬಿಡಲಿಲ್ಲ. ಕಣಕ್ಕಿಳಿಯೋರು ಕನಿಷ್ಠ 300 ಡೆಲಿಗೇಟ್‌ಗಳ ಸಹಿ ತರಬೇಕು, ಒಂದೇ ರಾಜ್ಯದಿಂದ 50ಕ್ಕಿಂತ ಹೆಚ್ಚು ಸಹಿ ಲೆಕ್ಕಕ್ಕಿಲ್ಲ, ಜುಲೈ 30ರ ಸಂಜೆ ಕೊನೆ ಅಂತ ಇಟ್ಟರು. 50ರ ಮಿತಿ ಯಾಕಂದ್ರೆ, ಕ್ಯಾಲಿಫೋರ್ನಿಯಾದಂಥ ದೊಡ್ಡ ರಾಜ್ಯದವರು ಒಬ್ಬರೇ ಸೇರ್ಕೊಂಡು ಯಾರನ್ನೋ ಎತ್ತಿ ನಿಲ್ಲಿಸಬಾರದು ಅಂತ. ಅಷ್ಟು ಸಹಿ ತಂದಿದ್ದು ಹ್ಯಾರಿಸ್ ಒಬ್ಬರೇ. ಆಗಸ್ಟ್ 1ರಿಂದ 5ರವರೆಗೆ ಡೆಲಿಗೇಟ್‌ಗಳು ಮನೇಲೇ ಕೂತು ಆನ್‌ಲೈನಲ್ಲಿ ವೋಟ್ ಹಾಕಿದರು, ನೂರಕ್ಕೆ 99 ಬಂತು. ಆಗಸ್ಟ್ 19ರಿಂದ ಷಿಕಾಗೋದಲ್ಲಿ ಟಿವಿಲಿ ನೋಡಿದ್ವಲ್ಲ, ಹಾಡು ಹಾಕ್ಕೊಂಡು ಒಂದೊಂದು ರಾಜ್ಯದವರೂ ಕೂಗಿದ್ದು, ಅದು ಆರತಕ್ಷತೆ ಅಷ್ಟೇ. ಧಾರೆ ಅಷ್ಟರಲ್ಲಿ ಆಗಿಹೋಗಿತ್ತು.

ಷಿಕಾಗೋವರೆಗೆ ಕಾಯದೇ ಇದ್ದದ್ದಕ್ಕೆ ಒಹಾಯೊ ಒಂದು ಕಾರಣ. ಅಲ್ಲಿನ ಕಾನೂನಲ್ಲಿ ಮತದಾನಕ್ಕೆ 90 ದಿನ ಮುಂಚೆ, ಅಂದ್ರೆ ಆಗಸ್ಟ್ 7ರೊಳಗೆ, ಪಾರ್ಟಿ ತನ್ನ ಅಭ್ಯರ್ಥಿ ಇಂಥವರು ಅಂತ ಪ್ರಮಾಣಪತ್ರ ಕೊಡಬೇಕಿತ್ತು. ಸಮಾವೇಶ ಅದಾದ 12 ದಿನಕ್ಕೆ. ಒಹಾಯೊದವರು ವಿಶೇಷ ಅಧಿವೇಶನ ಕರೆದು ಗಡುವನ್ನ ಮುಂದಕ್ಕೇನೋ ಹಾಕಿದರು, ಆದರೆ ಆ ತಿದ್ದುಪಡಿ ಜಾರಿಗೆ ಬರೋ ತಾರೀಕೇ ಆಗಸ್ಟ್ 7 ದಾಟಿದ ಮೇಲಿತ್ತು. ಯಾರಾದರೂ ಕೋರ್ಟಿಗೆ ಎಳೆದರೆ ಹಳೇ ಗಡುವೇ ಗಟ್ಟಿ ಅಂತಾದರೆ ಏನು ಗತಿ? ಆ ಭಯಕ್ಕೆ ಪಕ್ಷದವರು ಆನ್‌ಲೈನ್ ವೋಟನ್ನ ಕೈಬಿಡಲಿಲ್ಲ. ಒಂದು ರಾಜ್ಯದ ಒಂದು ತಾರೀಕು ಇಡೀ ದೇಶದ ಮುಹೂರ್ತಾನೇ ಹಿಂದಕ್ಕೆ ಎಳೀತು.

ಇನ್ನು ದುಡ್ಡು. ಇದನ್ನ ಯಾರೂ ಹೇಳಲ್ಲ, ನನ್ನ ಪ್ರಕಾರ ಹ್ಯಾರಿಸ್ ಬಿಟ್ಟು ಬೇರೆಯವರ ಹೆಸರು ಗಟ್ಟಿಯಾಗಿ ಏಳದೇ ಹೋದದ್ದಕ್ಕೆ ಅರ್ಧ ಕಾರಣ ಇದು. ಜೂನ್ ಕೊನೆಗೆ ಬೈಡನ್ ಪ್ರಚಾರ ಸಮಿತಿ ಖಾತೇಲಿ ಸುಮಾರು 9.6 ಕೋಟಿ ಡಾಲರ್ ಇತ್ತು. ಆ ಸಮಿತಿ ಇಬ್ಬರ ಹೆಸರಲ್ಲೂ ನೋಂದಣಿಯಾಗಿತ್ತು, ಅಧ್ಯಕ್ಷ ಮತ್ತೆ ಉಪಾಧ್ಯಕ್ಷ ಅಭ್ಯರ್ಥಿ. ಹಾಗಾಗಿ ಅದೇ ಭಾನುವಾರ ಚುನಾವಣಾ ಆಯೋಗಕ್ಕೆ ಒಂದು ತಿದ್ದುಪಡಿ ಫಾರಂ ಹಾಕಿ ಸಮಿತಿಯ ಹೆಸರು ಬದಲಾಯಿಸಿಬಿಟ್ಟರು. ಅದೇ ಖಾತೆ, ಅದೇ ಕಚೇರಿಗಳು, ಅದೇ ನೌಕರರು. ಎದುರು ಪಕ್ಷದವರು ಇದು ತಪ್ಪು ಅಂತ ಆಯೋಗಕ್ಕೆ ದೂರು ಕೊಟ್ಟರು, ದುಡ್ಡು ಮಾತ್ರ ನಿಲ್ಲಲಿಲ್ಲ. ಬೇರೆ ಯಾರೋ ರಾಜ್ಯಪಾಲರು ಅಭ್ಯರ್ಥಿ ಆಗಿದ್ದಿದ್ರೆ? (ಅಲ್ಲಿ ರಾಜ್ಯಪಾಲ ಅಂದ್ರೆ ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ, ಜನ ಆರಿಸಿದವರು.) ಒಬ್ಬ ಅಭ್ಯರ್ಥಿಯ ಸಮಿತಿ ಇನ್ನೊಬ್ಬರ ಸಮಿತಿಗೆ ನೇರವಾಗಿ ಕೊಡಬಹುದಾದ್ದು ಒಂದು ಚುನಾವಣೆಗೆ 2,000 ಡಾಲರ್. ಕೋಟಿ ಅಲ್ಲ ಮಾವ, ಎರಡೇ ಸಾವಿರ. ಮಿಕ್ಕಿದ್ದನ್ನ ಪಕ್ಷದ ಖಾತೆಗೆ ಎಷ್ಟು ಬೇಕಾದರೂ ಕಳಿಸಬಹುದು, ಆದರೆ ಪಕ್ಷ ಅದನ್ನ ಅಭ್ಯರ್ಥಿ ಜೊತೆ ಮಾತಾಡ್ಕೊಂಡು ಖರ್ಚು ಮಾಡೋಕೆ ಆಗ ಮಿತಿ ಇತ್ತು. ಇಲ್ಲಾಂದ್ರೆ ಕೊಟ್ಟವರಿಗೆ ವಾಪಸ್ ಮಾಡಿ, ಮತ್ತೆ ತಲೆಗೆ ಆಗಿದ್ದ 3,300 ಡಾಲರ್ ಮಿತಿ ಒಳಗೆ ಹೊಸದಾಗಿ ಕೇಳಬೇಕಿತ್ತು. ಹ್ಯಾರಿಸ್‌ಗೆ ಮೊದಲ 24 ಗಂಟೇಲೇ 8.1 ಕೋಟಿ ಡಾಲರ್ ಬಂತು ಅನ್ನೋದು ನಿಜ, ಆದರೆ ಹಾಗೆ ಬರುತ್ತೆ ಅಂತ ಮೊದಲೇ ಯಾರು ನಂಬ್ಕೊಂಡು ಕೂರ್ತಾರೆ.

ಈಗ ಸಮಾವೇಶ ಮುಗಿದ ಮೇಲೆ ಅಭ್ಯರ್ಥಿ ತೀರ್ಕೊಂಡರೆ ಅಥವಾ ಬಿಟ್ಟುಹೋದರೆ. ಆಗ ಡೆಲಿಗೇಟ್‌ಗಳ ಕೆಲಸ ಮುಗಿದಿರುತ್ತೆ, ಪಕ್ಷದ ರಾಷ್ಟ್ರೀಯ ಸಮಿತಿ ಕೂತು ಆರಿಸುತ್ತೆ. ರಿಪಬ್ಲಿಕನ್ನರಲ್ಲಿ ಅದು 168 ಜನರ ಸಮಿತಿ, ಒಂದೊಂದು ರಾಜ್ಯಕ್ಕೂ, ಡಿ.ಸಿ.ಗೂ, ಐದು ಅಧೀನ ಪ್ರದೇಶಗಳಿಗೂ ಮೂವರಂತೆ. ಆ ಮೂವರು ಸೇರಿ ತಮ್ಮ ರಾಜ್ಯಕ್ಕೆ ಸಮಾವೇಶದಲ್ಲಿ ಇದ್ದಷ್ಟೂ ವೋಟು ಹಾಕ್ತಾರೆ. ಬೇಕಾದರೆ ಸಮಾವೇಶಾನೇ ಮತ್ತೆ ಕರೆಯಬಹುದು. ಡೆಮಾಕ್ರಟರಲ್ಲಿ ಪಕ್ಷದ ಅಧ್ಯಕ್ಷರು ಸಂಸತ್ತಿನ ನಾಯಕರು, ತಮ್ಮ ಪಕ್ಷದ ರಾಜ್ಯಪಾಲರ ಸಂಘ, ಇವರ ಜೊತೆ ಸಮಾಲೋಚನೆ ಮಾಡಿ ರಾಷ್ಟ್ರೀಯ ಸಮಿತಿ ಮುಂದೆ ಇಡ್ತಾರೆ. ಉಪಾಧ್ಯಕ್ಷ ಅಭ್ಯರ್ಥಿ ತಾನಾಗೇ ಮೇಲಕ್ಕೆ ಬರ್ತಾರೆ ಅಂತ ಬಹಳ ಜನ ಅಂದ್ಕೊಂಡಿದ್ದಾರೆ. ಇಲ್ಲ. ಅಧ್ಯಕ್ಷರು ತೀರ್ಕೊಂಡರೆ ಉಪಾಧ್ಯಕ್ಷರು ಅಧ್ಯಕ್ಷರಾಗ್ತಾರೆ, ಅದು ಕುರ್ಚಿ ವಿಷಯ. ಅಭ್ಯರ್ಥಿ ಆಗೋದು ಬೇರೆ ಲೆಕ್ಕ. ಬೈಡನ್ ಸ್ಪರ್ಧೆ ಬಿಟ್ಟರೂ 2025ರ ಜನವರಿ 20ರವರೆಗೆ ಅಧ್ಯಕ್ಷರಾಗೇ ಇದ್ದರಲ್ಲ.

ರಾಷ್ಟ್ರೀಯ ಸಮಿತಿ ಹೀಗೆ ಕೂತಿದ್ದು 1972ರಲ್ಲಿ, ಅದೂ ಉಪಾಧ್ಯಕ್ಷ ಸ್ಥಾನಕ್ಕೆ. ಡೆಮಾಕ್ರಟರ ಉಪಾಧ್ಯಕ್ಷ ಅಭ್ಯರ್ಥಿ ಥಾಮಸ್ ಈಗಲ್ಟನ್ ಖಿನ್ನತೆಗೆ ವಿದ್ಯುತ್ ಶಾಕ್ ಚಿಕಿತ್ಸೆ ತಗೊಂಡಿದ್ದರು ಅನ್ನೋದು ಹೊರಬಿದ್ದು ಜುಲೈ 31ಕ್ಕೆ ಹಿಂದೆ ಸರಿದರು. ಆಗಸ್ಟ್ 8ಕ್ಕೆ ಸಮಿತಿ ಸಾರ್ಜೆಂಟ್ ಶ್ರೈವರ್‌ನ ಆರಿಸಿತು. ಎಂಟೇ ದಿನ. ಹಾಗಾಗಿ ಆರಿಸೋದು ಕಷ್ಟದ ಕೆಲಸ ಅಲ್ಲ ಮಾವ, ಹೆಸರನ್ನ ಬ್ಯಾಲಟ್ ಮೇಲೆ ತರೋದೇ ಕಷ್ಟ.

ಯಾಕೆ ಅಂತ ಹೇಳ್ತೀನಿ. ನಮ್ಮಲ್ಲಿ ಲೋಕಸಭೆಗೆ ಬಟನ್ ಒತ್ತೋದು ಒಂದೇ. ಅಲ್ಲಿ ಒಂದೇ ಹಾಳೆ ಮೇಲೆ ಅಧ್ಯಕ್ಷರಿಂದ ಹಿಡಿದು ಊರಿನ ಸ್ಕೂಲ್ ಬೋರ್ಡ್ ಮೆಂಬರ್‌ವರೆಗೂ ಇರುತ್ತೆ. ರಸ್ತೆಯ ಈ ಕಡೆಯವರ ಹಾಳೆ ಬೇರೆ, ಆ ಕಡೆಯವರ ಹಾಳೆ ಬೇರೆ. 2024ರಲ್ಲಿ ಉತ್ತರ ಕೆರೊಲಿನಾ ಒಂದರಲ್ಲೇ 2,300ಕ್ಕೂ ಹೆಚ್ಚು ನಮೂನೆಯ ಬ್ಯಾಲಟ್ ಇತ್ತು. ಒಂದೊಂದನ್ನೂ ಜೋಡಿಸಿ, ಪ್ರೂಫ್ ನೋಡಿ, ಅಚ್ಚು ಹಾಕಿ, ಎಣಿಸೋ ಮೆಷೀನಿಗೆ ಕೊಟ್ಟು ಪರೀಕ್ಷೆ ಮಾಡಬೇಕು. ಕೆಲವು ಕೌಂಟಿಗಳಲ್ಲಿ (ನಮ್ಮ ಜಿಲ್ಲೆ ಇದ್ದ ಹಾಗೆ) ಬೇರೆ ಭಾಷೇಲೂ ಬೇಕು, ನ್ಯೂಯಾರ್ಕಿನ ಕ್ವೀನ್ಸಲ್ಲಿ ಬೆಂಗಾಲಿಯೂ ಇದೆ. ಇದಕ್ಕೆಲ್ಲ ಮೇಲೆ ಕೇಂದ್ರದ ಕಾನೂನು, ಸೈನಿಕರಿಗೆ ಮತ್ತೆ ಹೊರದೇಶದಲ್ಲಿರೋರಿಗೆ 45 ದಿನ ಮುಂಚೆ ಬ್ಯಾಲಟ್ ಹೊರಡಲೇಬೇಕು. 2024ರಲ್ಲಿ ಅದು ಸೆಪ್ಟೆಂಬರ್ 21.

ಹೆಸರು ಕೊನೇಲಿ ತೆಗೆದರೆ ಏನಾಗುತ್ತೆ ಅನ್ನೋದಕ್ಕೆ ಅದೇ ವರ್ಷ ಪಕ್ಷೇತರರಾಗಿ ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ರಾಬರ್ಟ್ ಕೆನೆಡಿ ಜೂನಿಯರ್ ಒಳ್ಳೇ ಪಾಠ. ಆಗಸ್ಟ್ 23ಕ್ಕೆ ಪ್ರಚಾರ ನಿಲ್ಲಿಸಿ, ನನ್ನ ಹೆಸರು ತೆಗೀರಿ ಅಂದರು. ಉತ್ತರ ಕೆರೊಲಿನಾ ಸೆಪ್ಟೆಂಬರ್ 6ಕ್ಕೆ ಪೋಸ್ಟಲ್ ಬ್ಯಾಲಟ್ ಕಳಿಸಬೇಕಿತ್ತು, 29 ಲಕ್ಷಕ್ಕೂ ಹೆಚ್ಚು ಅಚ್ಚಾಗಿತ್ತು. ಅದೇ ದಿನ ಕೋರ್ಟ್ ತಡೆ, ಸೆಪ್ಟೆಂಬರ್ 9ಕ್ಕೆ ರಾಜ್ಯದ ಸುಪ್ರೀಂ ಕೋರ್ಟ್ 4-3ರಲ್ಲಿ ತೆಗೀರಿ ಅಂತು. ಅಷ್ಟೂ ಕಾಗದ ರದ್ದಿ. ಹೊಸದಾಗಿ ಅಚ್ಚು ಹಾಕಿ ಹೊರದೇಶದವರಿಗೆ 20ಕ್ಕೆ, ಮಿಕ್ಕವರಿಗೆ 24ಕ್ಕೆ ಕಳಿಸಿದರು. ಮಿಶಿಗನ್‌ನಲ್ಲಿ ತದ್ವಿರುದ್ಧ, ಅಲ್ಲಿನ ಕೋರ್ಟ್ ಹೆಸರು ಇರಲಿ ಅಂತು. ವಿಸ್ಕಾನ್ಸಿನ್‌ನಲ್ಲಂತೂ ಕಾನೂನೇ ಹಾಗಿದೆ, ಒಂದು ಸಲ ಹೆಸರು ಕೊಟ್ಟ ಮೇಲೆ ಸತ್ತರೆ ಮಾತ್ರ ತೆಗೆಯೋದು. ಹೆಸರಿನ ಮೇಲೆ ಬಿಳೀ ಸ್ಟಿಕ್ಕರ್ ಅಂಟಿಸಿ ಅಂತಲೂ ಕೇಳಿದರು. ಸ್ಟಿಕ್ಕರಿನ ಅಂಟು ಎಣಿಸೋ ಮೆಷೀನ್ ಒಳಗೆ ಹಿಡ್ಕೊಂಡರೆ ಮೆಷೀನೇ ಕೂತುಬಿಡುತ್ತೆ ಅಂತ ಚುನಾವಣಾ ಸಿಬ್ಬಂದಿ ಹೇಳಿದರು, ಸ್ಟಿಕ್ಕರ್ ಅಲ್ಲಿಗೇ ಮುಗೀತು. ಇದು ಬರೀ ಒಂದು ಹೆಸರು ತೆಗೆಯೋ ಕಥೆ. ದೊಡ್ಡ ಪಕ್ಷದ ಹೆಸರು ಬದಲಿಸೋದು ಅಂದ್ರೆ ಇದನ್ನ 51 ಕಡೆ ಮಾಡಬೇಕು.

ಈಗ ಫಾರ್ವರ್ಡಲ್ಲಿರೋ 'ಒಂದು ತಿಂಗಳು' ತಗೊಳ್ಳಿ. ಆ ಹೊತ್ತಿಗೆ ಬ್ಯಾಲಟ್ ಹೊರದೇಶಕ್ಕೆ ಹೋಗಿಯಾಗಿದೆ, ಎಷ್ಟೋ ಕಡೆ ಜನ ವೋಟ್ ಹಾಕೋಕೆ ಶುರು ಮಾಡಿಯಾಗಿದೆ. ಪಕ್ಷ ಹೊಸಬರನ್ನ ಆರಿಸಬಹುದು, ಬಹುಪಾಲು ಕಡೆ ಹಾಳೆ ಮೇಲೆ ಹಳೇ ಹೆಸರೇ ಇರುತ್ತೆ. ಆಗ ಪಕ್ಷಕ್ಕೆ ಉಳಿಯೋದು ಒಂದೇ ದಾರಿ: ಹಳೇ ಹೆಸರಿಗೇ ಹಾಕಿ, ಹೊಸಬರಿಗೇ ಸೇರುತ್ತೆ ಅಂತ ಮನೆಮನೆಗೆ ಹೇಳೋದು. ಇದು ಸುಳ್ಳಲ್ಲ. ಯಾಕಂದ್ರೆ ಜನ ವೋಟ್ ಹಾಕೋದು ನೇರವಾಗಿ ಅಭ್ಯರ್ಥಿಗಲ್ಲ, ಆ ಪಕ್ಷದ ಎಲೆಕ್ಟರ್‌ಗಳಿಗೆ. ಒಟ್ಟು 538 ಜನ, ಗೆಲ್ಲೋಕೆ 270. ಅವರು ಡಿಸೆಂಬರಲ್ಲಿ ತಮ್ಮ ತಮ್ಮ ರಾಜ್ಯದಲ್ಲಿ ಸೇರಿ ಹಾಕೋ ವೋಟೇ ಅಸಲಿ, 2024ರಲ್ಲಿ ಅದು ಡಿಸೆಂಬರ್ 17.

1912ರಲ್ಲಿ ಹೀಗೇ ಆಯ್ತು. ಮತ್ತೆ ಅದೇ ಸ್ಥಾನಕ್ಕೆ ನಿಂತಿದ್ದ ಉಪಾಧ್ಯಕ್ಷ ಜೇಮ್ಸ್ ಶೆರ್ಮನ್ ಮತದಾನಕ್ಕೆ ಆರು ದಿನ ಇರುವಾಗ ತೀರ್ಕೊಂಡರು, ಹೆಸರು ಬ್ಯಾಲಟ್ ಮೇಲೇ ಉಳೀತು. ಆಮೇಲೆ ಪಕ್ಷ ನಿಕೊಲಸ್ ಮರ್ರೆ ಬಟ್ಲರ್ ಅಂತ ಸೂಚಿಸಿತು, ಗೆದ್ದಿದ್ದ ಎಂಟೂ ಎಲೆಕ್ಟರ್‌ಗಳು ಅವರಿಗೇ ಹಾಕಿದರು. ಪಕ್ಷ ಯಾರ ಹೆಸರೂ ಹೇಳದಿದ್ದರೆ ಏನಾಗುತ್ತೆ ಅನ್ನೋದಕ್ಕೆ 1872 ಇದೆ. ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಹೊರೇಸ್ ಗ್ರೀಲಿ ಮತದಾನ ಮುಗಿದು ಎಲೆಕ್ಟರ್‌ಗಳು ಸೇರೋದರೊಳಗೆ ತೀರ್ಕೊಂಡರು. ಅವರ 66 ಎಲೆಕ್ಟರ್‌ಗಳಲ್ಲಿ 63 ಜನ ಬೇರೆ ಬೇರೆಯವರಿಗೆ ಹಂಚಿ ಹಾಕಿದರು. ಮೂವರು ಸತ್ತವರಿಗೇ ಹಾಕಿದರು, ಸಂಸತ್ತು ಅದನ್ನ ಎಣಿಸಲಿಲ್ಲ. ಗ್ರೀಲಿ ಹೇಗೂ ಸೋತಿದ್ದರಿಂದ ದೊಡ್ಡ ರಾದ್ಧಾಂತ ಆಗಲಿಲ್ಲ.

ಒಂದು ತೊಡಕಿದೆ. ಮೂವತ್ತಕ್ಕೂ ಹೆಚ್ಚು ರಾಜ್ಯಗಳಲ್ಲಿ ಎಲೆಕ್ಟರ್‌ಗಳು ಮಾತು ಕೊಟ್ಟವರಿಗೇ ಹಾಕಬೇಕು ಅಂತ ಕಾನೂನಿದೆ, 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನ ಎತ್ತಿಹಿಡೀತು. ಆದರೆ ಅದೇ ತೀರ್ಪಿನ ಅಡಿಟಿಪ್ಪಣೀಲಿ, ಸತ್ತ ಅಭ್ಯರ್ಥಿಗೂ ಕಟ್ಟಿಹಾಕಬಹುದು ಅಂತ ಈ ತೀರ್ಪನ್ನ ಓದಬೇಡಿ ಅಂತ ಬರೆದಿಟ್ಟಿದ್ದಾರೆ. ಸಾಯದೆ ಬರೀ ಹಿಂದೆ ಸರಿದರೆ? ಕೆಲವು ಕಡೆ ಕಾನೂನು 'ಪಕ್ಷದ ಅಭ್ಯರ್ಥಿ' ಅನ್ನುತ್ತೆ, ಕೆಲವು ಕಡೆ ಬ್ಯಾಲಟ್ ಮೇಲಿನ ಹೆಸರನ್ನೇ ಹಿಡಿಯುತ್ತೆ. ಅಲ್ಲಿ ವಕೀಲರಿಗೆ ಸುಗ್ಗಿ.

ಮಾವ, ನೀವು ಜಯನಗರದವರು, ನಿಮಗೆ ನೆನಪಿರುತ್ತೆ. 2018ರಲ್ಲಿ ವಿಧಾನಸಭೆಗೆ ಬಿಜೆಪಿ ಅಭ್ಯರ್ಥಿಯಾಗಿದ್ದ ಬಿ.ಎನ್. ವಿಜಯಕುಮಾರ್ ಮೇ 4ಕ್ಕೆ ತೀರ್ಕೊಂಡಾಗ ಆ ಕ್ಷೇತ್ರದ ಮತದಾನಾನೇ ಮುಂದಕ್ಕೆ ಹಾಕಿ ಜೂನ್ 11ಕ್ಕೆ ಮಾಡಿದರು. ಮಾನ್ಯತೆ ಇರೋ ಪಕ್ಷದ ಅಭ್ಯರ್ಥಿ ತೀರ್ಕೊಂಡರೆ ಬೇರೆಯವರನ್ನ ಹಾಕೋಕೆ ಪಕ್ಷಕ್ಕೆ ಏಳು ದಿನ ಕೊಡ್ತಾರೆ. ಅಲ್ಲಿ ಅಂಥ ಏರ್ಪಾಡಿಲ್ಲ. ಯಾರು ಸತ್ತರೂ ಬಿಟ್ಟರೂ ನವೆಂಬರ್ ಮೊದಲ ಸೋಮವಾರದ ಮಾರನೇ ಮಂಗಳವಾರವೇ ಮತದಾನ. ಅವರ ಗೋಳೆಲ್ಲ ಅದೊಂದರಿಂದ.

ಸರಳತ್ತೆ, ನಿಮ್ಮ ಪ್ರಶ್ನೆ. ಪೋಸ್ಟಲ್ಲಿ ಕಳಿಸಿಯಾದ ವೋಟು ಹಾಳಾಗಲ್ಲ, ಹಳೇ ಹೆಸರಿಗೆ ಗುರುತು ಹಾಕಿದ್ದರೂ ಆ ಪಕ್ಷದ ಎಲೆಕ್ಟರ್‌ಗಳ ಲೆಕ್ಕಕ್ಕೇ ಹೋಗುತ್ತೆ. ಮನಸ್ಸು ಬದಲಾಗಿದ್ದರೆ ಮಿಶಿಗನ್‌ನಂಥ ಕೆಲವು ರಾಜ್ಯಗಳಲ್ಲಿ ಮಾತ್ರ, ಗಡುವಿನೊಳಗೆ ಬರೆದು ಕೊಟ್ಟು ಹಳೇ ಬ್ಯಾಲಟ್ ರದ್ದು ಮಾಡಿಸಿ ಹೊಸದು ತಗೋಬಹುದು. ಲಕೋಟೆ ಇನ್ನೂ ಕೈಯಲ್ಲೇ ಇದ್ದರೆ ಬ್ಯಾಲಟ್ ಮೇಲೆ ಹಳೇ ಹೆಸರು ಹೊಡೆದು ಹೊಸ ಹೆಸರು ಗೀಚೋ ಕೆಲಸ ಮಾತ್ರ ಮಾಡಬೇಡ ಅಂತ ಅಲ್ಲಿರೋ ನಿಮ್ಮ ಮಗಳಿಗೆ ಹೇಳಿ. ಕೌಂಟಿ ಚುನಾವಣಾ ಕಚೇರಿಗೆ ಫೋನ್ ಮಾಡಿ, ಏನು ಮಾಡಬೇಕು ಅಂತ ಕೇಳ್ಕೊಂಡು, ಆಮೇಲೆ ಅಂಟಿಸಲಿ.