ಗೋಬಿ ಸ್ಯಾಂಪಲ್ ಒಯ್ದಿದ್ದಾರೆ, ಅಂಗಡಿ ಮುಚ್ಚಿಸ್ತಾರಾ?

ಪ್ರಶ್ನೆ (ನವನಗರ, ಬಾಗಲಕೋಟೆ): ನಮಸ್ಕಾರ ಸರ್. ನಮ್ಮದು ಸಂಜೆ ಹೊತ್ತಿನ ಮಿರ್ಚಿ ಭಜಿ, ಗಿರ್ಮಿಟ್, ಗೋಬಿ ಅಂಗಡಿ. ಹೋದ ವಾರ ಆಹಾರ ಸುರಕ್ಷತಾ ಅಧಿಕಾರಿ ಬಂದು ಗೋಬಿ ಸ್ಯಾಂಪಲ್ ಒಯ್ದರು, ಸಹಿ ಮಾಡಿಸಿಕೊಂಡರು. ಈಗ ಸ್ವಚ್ಛತೆ ಬಗ್ಗೆ ಸುಧಾರಣಾ ನೋಟಿಸ್ ಬಂದಿದೆ. ಸಹಿ ಮಾಡಿದ್ದಕ್ಕೆ ತಪ್ಪು ಒಪ್ಪಿಕೊಂಡ ಹಾಗಾಯಿತಾ?

ಉತ್ತರ (ನಿವೃತ್ತ ಆಹಾರ ಸುರಕ್ಷತಾ ಅಧಿಕಾರಿ): ಇಲ್ಲರೀ. ಆ ಸಹಿಯ ಅರ್ಥ ಸ್ಯಾಂಪಲ್ ತೆಗೆದರು ಅಂತ, ಅಷ್ಟೇ. ಅಂದ ಹಾಗೆ, ಒಯ್ದ ಗೋಬಿಗೆ ದುಡ್ಡು ಕೊಟ್ಟರಾ? ಮಾರುವ ಬೆಲೆಯನ್ನೇ ಕೊಡಬೇಕು ಅಂತ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಲ್ಲೇ ಇದೆ. ನಮ್ಮ ಕಡೆ ಅಂಗಡಿಯವರು ಸಂಕೋಚಕ್ಕೆ ಬೇಡ ಅಂದುಬಿಡುತ್ತಾರೆ.

ನೋಟಿಸ್ ಬೇರೆ ವಿಷಯ. ಸರಿಪಡಿಸಲು ಕನಿಷ್ಠ 14 ದಿನ ಕೊಟ್ಟಿರುತ್ತಾರೆ. ಸುಮ್ಮನೆ ಕೂತರೆ ಮಾತ್ರ ಲೈಸೆನ್ಸ್ ಅಮಾನತು, ಆಮೇಲೆ ರದ್ದು. ಬರೆದಿರುವ ಒಂದೊಂದನ್ನೂ ಸರಿಮಾಡಿ, ಫೋಟೋ ಹಚ್ಚಿ, ಬರವಣಿಗೆಯಲ್ಲಿ ಉತ್ತರ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಬಾಯಿಮಾತಿನ "ಆಯ್ತು ಸಾಹೇಬ್ರೆ" ಲೆಕ್ಕಕ್ಕೆ ಬರುವುದಿಲ್ಲ.

ಪ್ರಶ್ನೆ: ಸ್ಯಾಂಪಲ್ ರಿಪೋರ್ಟ್ ಕೆಟ್ಟದ್ದು ಬಂದರೆ?

ಉತ್ತರ: ಸ್ಯಾಂಪಲ್ ನಾಲ್ಕು ಪಾಲು ಮಾಡುತ್ತಾರೆ. ಒಂದು ಆಹಾರ ವಿಶ್ಲೇಷಕರಿಗೆ. ಅವರು 14 ದಿನದಲ್ಲಿ ವರದಿ ಕೊಡಬೇಕು. ಎರಡು ಪಾಲು ಅಂಕಿತಾಧಿಕಾರಿ (ಆಹಾರ ಸುರಕ್ಷತಾ ಅಧಿಕಾರಿಯ ಮೇಲಧಿಕಾರಿ) ಹತ್ತಿರ ಉಳಿಯುತ್ತವೆ. ನಾಲ್ಕನೆಯದನ್ನು ನೀವು ಕೇಳಿದರೆ ಮಾನ್ಯತೆ ಪಡೆದ ಲ್ಯಾಬ್‌ಗೆ ಕಳಿಸುತ್ತಾರೆ. ಇದನ್ನು ಯಾರೂ ಕೇಳುವುದೇ ಇಲ್ಲ! ಎರಡು ವರದಿ ಬೇರೆ ಬೇರೆ ಬಂದರೆ ಅಂಕಿತಾಧಿಕಾರಿ ತಮ್ಮ ಹತ್ತಿರದ ಒಂದು ಪಾಲನ್ನು ರೆಫರಲ್ ಲ್ಯಾಬ್‌ಗೆ (ಮರುಪರೀಕ್ಷೆಯ ಮೇಲಿನ ಲ್ಯಾಬ್) ಕಳಿಸುತ್ತಾರೆ, ಅದು ಹೇಳಿದ್ದೇ ಕೊನೆ. ಕೇಳದೆ ಬಿಟ್ಟಿದ್ದರೂ, ವರದಿ ಕೈಗೆ ಬಂದ 30 ದಿನದೊಳಗೆ ಅಂಕಿತಾಧಿಕಾರಿಗೆ ಮೇಲ್ಮನವಿ ಹಾಕಬಹುದು.

ಆದರೆ ಒಂದು ಮಾತು ನೇರವಾಗಿ ಕೇಳುತ್ತೇನೆ. ಗೋಬಿಗೆ ಬಣ್ಣ ಹಾಕ್ತೀರಾ?

ಪ್ರಶ್ನೆ: ಸ್ವಲ್ಪ ಕೆಂಪು ಪುಡಿ... ಕಿರಾಣಿ ಅಂಗಡಿಯದೇ ಸರ್.

ಉತ್ತರ: ಇವತ್ತೇ ನಿಲ್ಲಿಸಿ. ಗೋಬಿಗೆ ಕೃತಕ ಬಣ್ಣ ಬೇಡ ಅಂತ ಸರ್ಕಾರ 2024ರ ಮಾರ್ಚ್‌ನಲ್ಲೇ ಆದೇಶ ಮಾಡಿತ್ತು. ಆಗ ಸುದ್ದಿಯಾದ ರೋಡಮೈನ್-ಬಿ ಅಂದರೆ ಬಟ್ಟೆಗೆ ಹಾಕುವ ಬಣ್ಣ. ಸ್ವಚ್ಛತೆ ಇಲ್ಲದಿದ್ದರೆ 1 ಲಕ್ಷದವರೆಗೆ ದಂಡ, ಕಳಪೆ ಗುಣಮಟ್ಟವಾದರೆ 5 ಲಕ್ಷದವರೆಗೆ. ಅಸುರಕ್ಷಿತ ಅಂತ ಬಂದರೆ ದಂಡಕ್ಕೆ ಮುಗಿಯುವುದಿಲ್ಲ, ಜೈಲಿನ ಮಾತು. ಗಿರಾಕಿಗೆ ಕೆಂಪೇ ಬೇಕಾದರೆ ಬ್ಯಾಡಗಿ ಮೆಣಸಿನಕಾಯಿ ತಂದು ನೀವೇ ಖಾರ ಕುಟ್ಟಿಸಿ. ಬಿಡಿ ಖಾರಪುಡಿ ನಂಬಬೇಡಿ, ಅದರಲ್ಲೂ ಬಣ್ಣ ಬೆರೆಸುತ್ತಾರೆ.

ಇನ್ನೊಬ್ಬ ಮಹಿಳೆಯ ಪ್ರಶ್ನೆ (ವಿಜಯಪುರ): ಸರ್, ನಮ್ಮದು ಸಣ್ಣ ಖಾನಾವಳಿ. ನಾವೂ ಏನಾದರೂ ರೆಡಿ ಇಟ್ಟುಕೊಳ್ಳಬೇಕಾ?

ಉತ್ತರ: ಹೌದು ತಾಯಿ. ಲೈಸೆನ್ಸ್ ಅಥವಾ ನೋಂದಣಿ ಪತ್ರ ಗೋಡೆಗೆ ಹಚ್ಚಿ. ಅಡುಗೆಯವರ, ಬಡಿಸುವವರ ವೈದ್ಯಕೀಯ ತಪಾಸಣೆ ವರ್ಷಕ್ಕೊಮ್ಮೆ ಆಗಿರಬೇಕು, ಸರ್ಟಿಫಿಕೇಟ್ ಕೈಗೆ ಸಿಗುವ ಹಾಗಿರಲಿ. ಕರಿದ ಎಣ್ಣೆ ಕಪ್ಪಾಗಿ ನೊರೆ ಬರುವ ತನಕ ಕಾಯಬೇಡಿ. ರೊಟ್ಟಿ, ಭಜಿ ಕಟ್ಟಿಕೊಡುವ ನ್ಯೂಸ್ ಪೇಪರ್ ಇದ್ದರೆ ಇವತ್ತೇ ರದ್ದಿಗೆ ಹಾಕಿ.