ಅಪ್‌ಡೇಟ್: ಸಿಲ್ವರ್ ಕ್ಲೋರೈಡ್ ಲೆಕ್ಕ ಕೊನೆಗೂ ಬಂತು

ಹೋದ ವಾರ ಕೇಳಿದ್ದೆನಲ್ಲ, 1 ಮೋಲಾರ್ (ಲೀಟರಿಗೆ 1 ಮೋಲ್) ಅಮೋನಿಯಾದಲ್ಲಿ ಸಿಲ್ವರ್ ಕ್ಲೋರೈಡ್ ಎಷ್ಟು ಕರಗುತ್ತದೆ ಅಂತ, ನನಗೆ ಲೀಟರಿಗೆ 0.055 ಮೋಲ್ ಬರುತ್ತಿತ್ತು, ಉತ್ತರ 0.050 ಅಂತಿತ್ತು. ತಪ್ಪು ನನ್ನದೇ. "ಅಮೋನಿಯಾ ಎಷ್ಟು ಖರ್ಚಾಯ್ತು ನೋಡು ಮಾರಾಯ" ಅಂದ ಅಣ್ಣನಿಗೆ ಥ್ಯಾಂಕ್ಸ್. ಒಂದು ಬೆಳ್ಳಿ ಅಯಾನು ಎರಡು ಅಮೋನಿಯಾ ಹಿಡಿದುಕೊಳ್ಳುತ್ತದೆ, ಹಾಗಾಗಿ ಕರಗಿದ್ದು ಎಸ್ ಆದರೆ ಉಳಿಯುವ ಅಮೋನಿಯಾ 1 ಅಲ್ಲ, 1 − 2ಎಸ್. ಕೊಟ್ಟಿದ್ದ ಎರಡು ಸ್ಥಿರಾಂಕ, 1.8×10⁻¹⁰ (ಸಿಲ್ವರ್ ಕ್ಲೋರೈಡ್ ಕರಗುವುದರದ್ದು) ಮತ್ತು 1.7×10⁷ (ಬೆಳ್ಳಿ ಅಮೋನಿಯಾ ಹಿಡಿದುಕೊಳ್ಳುವುದರದ್ದು), ಗುಣಿಸಿದರೆ 0.00306, ಇದು ಎಸ್²/(1 − 2ಎಸ್)² ಕ್ಕೆ ಸಮ. ಎರಡೂ ಕಡೆ ವರ್ಗಮೂಲ ತೆಗೆದರೆ ಎಸ್/(1 − 2ಎಸ್) = 0.0553, ಅಲ್ಲಿಂದ ಎಸ್ 0.0498. ನಾನು ಸುಮ್ನೆ ಕೆಳಗಿನ 2ಎಸ್ ಬಿಟ್ಟಿದ್ದೆ. ಬರೀ ನೀರಿನಲ್ಲಾದರೆ ಕರಗುವುದು 1.3×10⁻⁵ ಅಷ್ಟೇ!

ನಾನು ಕಣ್ಣಿಟ್ಟಿರುವ ಕೆಮಿಸ್ಟ್ರಿ ಒಲಿಂಪಿಯಾಡ್ ಕ್ಯಾಂಪ್ ನಡೆಯುವ ಹೋಮಿ ಭಾಭಾ ಕೇಂದ್ರ ಮುಂಬೈನ ಮಾನ್‌ಖುರ್ದ್‌ನಲ್ಲಿದೆ, ನಮ್ಮ ಚೆಂಬೂರಿನಿಂದ ಎರಡೇ ಸ್ಟೇಷನ್. ಆದರೆ ಒಳಗೆ ಹೋಗಲು ಲೋಕಲ್ ಟಿಕೆಟ್ ಸಾಲದು, ಆಯ್ಕೆ ಆಗಬೇಕು ಅಲ್ವಾ. ಮುಂದಿನ ಲೆಕ್ಕ ಬಫರ್, ಅಂದರೆ ಆಮ್ಲತೆ ಸುಲಭಕ್ಕೆ ಬದಲಾಗದ ದ್ರಾವಣದ್ದು.