ಟ್ರಿಗರ್‌ಗೆ ಕನ್ನಡದಲ್ಲಿ ಏನನ್ನೋಣ? ಸೋಮವಾರ ಅಚ್ಚಿಗೆ ಹೋಗಬೇಕು

ಎಲ್ಲರಿಗೂ ನಮಸ್ಕಾರ. ಜಯನಗರದ ಒಂದು ಆಪ್ತಸಮಾಲೋಚನಾ ಕೇಂದ್ರಕ್ಕೆ ಒಂದು ಹಾಳೆಯ ಕರಪತ್ರವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅಪಘಾತ, ಹಲ್ಲೆ, ಬೆಂಕಿ ಅನಾಹುತ ಕಂಡವರಿಗೆ ತಿಂಗಳು ಕಳೆದರೂ ಬಿಡದ ಬೆಚ್ಚುವಿಕೆ, ಕೆಟ್ಟ ಕನಸು, ಆ ಜಾಗದ ಕಡೆ ತಲೆಹಾಕದಿರುವುದು. ಇವನ್ನಿಟ್ಟುಕೊಂಡು ದಿನ ಹೇಗೆ ದೂಡಬೇಕು ಅನ್ನುವುದು ವಿಷಯ. ಈ ಕಾಯಿಲೆಗೆ ಇಂಗ್ಲಿಷಿನಲ್ಲಿ ಪಿಟಿಎಸ್‌ಡಿ (ಪೋಸ್ಟ್ ಟ್ರಾಮಾಟಿಕ್ ಸ್ಟ್ರೆಸ್ ಡಿಸಾರ್ಡರ್) ಎಂದು ಹೆಸರು. ಅದಕ್ಕೆ 'ಆಘಾತೋತ್ತರ ಒತ್ತಡ' ಎಂದು ಹಾಕಿ ಕರಡು ತೋರಿಸಿದೆ. ಆಟೋ ಓಡಿಸುವವರೊಬ್ಬರು ಓದಿ, "ಹಾರ್ಟ್ ಅಟ್ಯಾಕ್ ಆದ್ಮೇಲೆ ಬರೋ ಬಿಪಿನಾ ಮೇಡಂ?" ಅಂದರು. ತಪ್ಪು ಅವರದಲ್ಲ. ಹೃದಯಾಘಾತ, ರಕ್ತದೊತ್ತಡ ಅಂತ ಆಸ್ಪತ್ರೆ ಗೋಡೆಗಳ ಮೇಲೆಲ್ಲ ಬರೆಸಿದವರು ನಾವೇ.

ತುಮಕೂರು ರಸ್ತೆಯಲ್ಲಿ ಅವರಿಗೆ ಲಾರಿ ಗುದ್ದಿ ವರ್ಷವಾಯಿತು. ಈಗಲೂ ಸಿಗ್ನಲ್‌ನಲ್ಲಿ ಹಿಂದಿನಿಂದ ಏರ್‌ಬ್ರೇಕ್ ಪುಸ್ಸೆಂದರೆ ಹ್ಯಾಂಡಲ್ ಹಿಡಿದ ಕೈ ಸೆಟೆದುಕೊಳ್ಳುತ್ತದೆ. ಹಸಿರು ಬಿದ್ದರೂ ಗಾಡಿ ಕದಲುವುದಿಲ್ಲ, ಹಿಂದಿನವರೆಲ್ಲ ಹಾರ್ನ್ ಬಾರಿಸುತ್ತಾರೆ. ಹೀಗೆ ಹಳೆಯದನ್ನು ಎಬ್ಬಿಸುವ ಸದ್ದು, ವಾಸನೆ, ಜಾಗಕ್ಕೆ ಇಂಗ್ಲಿಷಿನಲ್ಲಿ ಟ್ರಿಗರ್ ಎನ್ನುತ್ತಾರೆ. ಆ ಪುಸ್ಸೆನ್ನುವ ಸದ್ದು ಮಾಡುವ ಕೆಲಸಕ್ಕೆ ಕನ್ನಡದಲ್ಲಿ ಒಂದು ಪದ ಬೇಕು. 'ಪ್ರಚೋದಕ' ಬೇಡ. ಪ್ರಚೋದನಕಾರಿ ಭಾಷಣ ಅಂತ ಓದಿ ಓದಿ ಆ ಪದದೊಳಗೆ ಯಾರದೋ ದುರುದ್ದೇಶ ಸೇರಿಕೊಂಡಿದೆ.

*

ಉದ್ದೀಪನ. ರಸಶಾಸ್ತ್ರದ ಉದ್ದೀಪನವಿಭಾವ ಇರುವಾಗ ಹುಡುಕಾಟ ಯಾತಕ್ಕೆ? ಒಳಗೇ ನೆಲೆಸಿರುವ ಭಾವವನ್ನು, ಅಂದರೆ ಸ್ಥಾಯಿಯನ್ನು, ಹೊರಗಿನ ಸದ್ದು, ಹೊತ್ತು, ಜಾಗ ಹೊತ್ತಿಸುತ್ತವೆ. ಭಯಾನಕ ರಸದ ವಿಭಾವಗಳಲ್ಲಿ, ಅಂದರೆ ಆ ಭಾವಕ್ಕೆ ಕಾರಣವಾಗುವವುಗಳಲ್ಲಿ, ನಾಟ್ಯಶಾಸ್ತ್ರದ ಭರತ ವಿಕೃತರವವನ್ನೂ (ವಿಕಾರವಾದ ಸದ್ದನ್ನೂ) ಹೇಳಿದ್ದಾನೆ. ನಿಮ್ಮ ಏರ್‌ಬ್ರೇಕ್ ಅದೇ.

*

ಆಟೋ ಸ್ಟ್ಯಾಂಡಿಗೆ ನಾಟ್ಯಶಾಸ್ತ್ರ ಬೇಕಿಲ್ಲ. ಬೆಚ್ಚು ಇದೆ. ಹಳಗನ್ನಡದ ಬೆರ್ಚು, ಪೆರ್ಚು ಹೆಚ್ಚಾದಂತೆ, ಕರ್ಚು ಕಚ್ಚಾದಂತೆ ಬೆಚ್ಚಾಯಿತು. ಹೊಲದ ಬೆರ್ಚಪ್ಪನಲ್ಲಿ ಅರ್ಕಾವತ್ತು ಇವತ್ತಿಗೂ ಉಳಿದಿದೆ. 'ಬೆಚ್ಚಿಸುಗ' ಎಂದು ಹಾಕಿ.

*

ಬೆಚ್ಚಿಸುಗ ಯಾರ ಬಾಯಲ್ಲೂ ನಿಲ್ಲದು. ಪಿಟಿಎಸ್‌ಡಿ ಎಂಬ ಹೆಸರು ಅಮೆರಿಕದ ಮನೋವೈದ್ಯರ ಕೈಪಿಡಿಗೆ ಸೇರಿದ್ದೇ 1980ರಲ್ಲಿ. ಹೊಸ ಸಂಗತಿ ತನ್ನ ಪದವನ್ನೂ ಹೊತ್ತು ತರುತ್ತದೆ. ಟ್ರಿಗರ್ ಎಂದೇ ಬರೆಯಿರಿ. ಆಸ್ಪತ್ರೆ ಎಲ್ಲಿಂದ ಬಂತು? ಅರ್ಜಿ, ಕಚೇರಿ?

*

ಅವು ಕನ್ನಡದ ಬಾಯಿಗೆ ಒಗ್ಗಿ ರೂಪ ಬದಲಿಸಿಕೊಂಡವು. ಟ್ರಿಗರ್ ಏನು ಬದಲಿಸಿಕೊಂಡಿದೆ? ಎರವಲಿಗೂ ಒಂದು ಕಟ್ಟಳೆ ಬೇಕು. ನನ್ನ ಮಾತು ಮುಗಿಯಿತು.

*

ಮೂವರಿಗೂ ವಂದನೆ. ಎರವಲಿನ ಜಗಳ ಇನ್ನೊಂದು ದಿನಕ್ಕಿರಲಿ, ನನಗೆ ಸೋಮವಾರ ಹತ್ತಿರವಾಗುತ್ತಿದೆ. ಉದ್ದೀಪನ ಅಂದರೆ ನಮ್ಮ ಓದುಗರಿಗೆ ಕ್ರೀಡಾಪುಟದ ಉದ್ದೀಪನ ಮದ್ದು. ಟ್ರಿಗರ್ ಬಂದೂಕಿನ ಕುದುರೆಯೂ ಹೌದು. ಹಲ್ಲೆಗೆ ಸಿಕ್ಕವರ ಕೈಗೆ ಅದನ್ನು ಕೊಡಲು ಮನಸ್ಸಾಗದು. ಬೆಚ್ಚು ಸೊಗಸಾದ ಪದ, ಆದರೆ ಡೀಸೆಲ್ ವಾಸನೆ ಬೆಚ್ಚಿಸುವುದಿಲ್ಲ, ಮೆಲ್ಲಗೆ ಒಳಗಿಳಿಯುತ್ತದೆ.

ನಿನ್ನೆ ಆ ಆಟೋದವರನ್ನೇ ಕೇಳಿದೆ. "ಆ ಸದ್ದು ಕೆದಕುತ್ತೆ ಮೇಡಂ, ನಾನು ಮತ್ತೆ ಲಾರಿ ಕೆಳಗೇ ಇರ್ತೀನಿ" ಅಂದರು. ಗಾಯ ಕೆದಕುತ್ತೇವೆ, ಬೂದಿ ಮುಚ್ಚಿದ ಕೆಂಡ ಕೆದಕುತ್ತೇವೆ. ಟ್ರಾಮಾ ಅನ್ನುವುದೂ ಗ್ರೀಕಿನಲ್ಲಿ ಗಾಯವೇ. ಹಾಗಾಗಿ ನಾಮಪದ ಕಟ್ಟುವುದನ್ನೇ ಬಿಟ್ಟೆ: "ನಿಮ್ಮನ್ನು ಕೆದಕುವ ಸದ್ದು, ವಾಸನೆ, ಜಾಗಗಳನ್ನು ಗುರುತಿಸಿಕೊಳ್ಳಿ." ಕಾಯಿಲೆಯ ಹೆಸರು ಪಿಟಿಎಸ್‌ಡಿ ಎಂದೇ ಇರುತ್ತದೆ, ಡಾಕ್ಟರ ಚೀಟಿಯಲ್ಲಿ ಅವರು ಕಾಣುವುದು ಅದನ್ನೇ.

ಉಳಿದದ್ದು ಗ್ರೌಂಡಿಂಗ್. ಕಾಣುವ ಐದು, ಮುಟ್ಟಬಲ್ಲ ನಾಲ್ಕು, ಕೇಳುವ ಮೂರು, ಮೂಗಿಗೆ ಬರುವ ಎರಡು, ನಾಲಿಗೆಗೆ ಹತ್ತುವ ಒಂದು ವಸ್ತುವನ್ನು ಹೆಸರಿಸುತ್ತಾ ಈ ಗಳಿಗೆಗೆ ಮರಳುವ ಅಭ್ಯಾಸ. 'ನೆಲೆಗೊಳ್ಳುವುದು' ಅಂದರೆ ಊರಲ್ಲಿ ಮನೆ ಮಾಡಿದಂತಾಗುತ್ತದೆ. 'ಕಾಲೂರುವುದು' ಆದೀತೇ? ಕೊನೆಯ ಸಾಲಿಗೆ ಮಾನಸಿಕ ಆರೋಗ್ಯದ ಟೆಲಿ-ಮಾನಸ್ ಸಹಾಯವಾಣಿ 14416 ಹಾಕಿದ್ದೇನೆ. ಭಾನುವಾರ ಸಂಜೆಯೊಳಗೆ ಬರೆಯಿರಿ.